ಅಡುಗೆಮನೆಯ ಗವಾಕ್ಷಿ

ನಾಚಿಕೆಗೂ ಒಂದು ವಾಸನೆ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ. ನನ್ನ ನಾಚಿಕೆಗೆ ಕಟ್ಟಿಗೆ ಹೊಗೆಯ ವಾಸನೆ. ಅದು ನನ್ನ ಬೂದು ಬಣ್ಣದ ಶಾಲಿನಲ್ಲಿ ಸೇರಿಕೊಂಡುಬಿಟ್ಟಿದೆ. ಎಷ್ಟು ಸಲ ಒಗೆದರೂ, ಬಳ್ಳಾರಿಯ ಬಿಸಿಲಿಗೆ ಎಷ್ಟು ಒಣಹಾಕಿದರೂ, ಕಪಾಟಿನ ಬಾಗಿಲು ತೆರೆದರೆ ಮೊದಲು ಅದೇ ಬಂದು ಮೂಗಿಗೆ ಹೊಡೆಯುತ್ತದೆ. ನಮ್ಮವರಿಗೆ ಮಾತ್ರ ಏನೂ ಬರುವುದಿಲ್ಲವಂತೆ. ಶಾಲನ್ನು ಅವರ ಮೂಗಿಗೇ ಹಿಡಿದು ಕೇಳಿದ್ದೇನೆ. "ನನಗೇನೂ ಬರವಲ್ದು. ನಿನಗ ಬರ್ತದಂದ್ರ ಬರ್ಲಿ ಬಿಡು" ಎಂದು ಪೇಪರು ಓದುವುದನ್ನು ಮುಂದುವರಿಸಿದರು. ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ಈವರೆಗೂ ಗೊತ್ತಾಗಿಲ್ಲ. ಚುಚ್ಚುವ ಸ್ವಭಾವ ಅವರದಲ್ಲ ಎಂಬುದೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ಈ ಕೆಲಸದ ದೊಡ್ಡ ರೋಗವೆಂದರೆ, ಗಂಟೆ ಹೊಡೆದ ಮೇಲೂ ಪಾಠ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರಿಗೆ ಜನರನ್ನು ಹೇಗೆ ನಿಲ್ಲಿಸಬೇಕೆಂದು ಹೇಳುತ್ತೇನೆ. ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ತರಕಾರಿ ತರುವವಳಿಗೆ ಬದನೆಕಾಯಿಯನ್ನು ಹೇಗೆ ಜೋಡಿಸಬೇಕೆಂದು ಹೇಳುತ್ತೇನೆ. ಅವಳು "ಹೂನ್ರೀ ಟೀಚರಮ್ಮ" ಎನ್ನುತ್ತ ತನಗೆ ಬೇಕಾದಂತೆಯೇ ಜೋಡಿಸುತ್ತಾಳೆ. ಇಷ್ಟಾದರೂ ನನಗೆ ಬುದ್ಧಿ ಬಂದಿಲ್ಲ. ಎದುರಿಗಿದ್ದವರು ಸುಮ್ಮನಿದ್ದರೆ ಅವರಿಗೆ ಗೊತ್ತಿಲ್ಲ ಎಂದೇ ನನ್ನ ಲೆಕ್ಕ.

ಇನ್ನು ವೀಕೆಂಡ್ ಎಂಬುದರ ವಿಷಯ. ಸೋಮವಾರ ಬಂತೆಂದರೆ ನಮ್ಮ ಸ್ಟಾಫ್‌ರೂಮಿನಲ್ಲಿ ಫೋನುಗಳು ಕೈಯಿಂದ ಕೈಗೆ ಹೋಗುತ್ತವೆ. ಯಾರು ಎಲ್ಲಿಗೆ ಹೋಗಿದ್ದರು, ಯಾವ ಕಿಟಕಿಯ ಪಕ್ಕ ನಿಂತು ಕಾಫಿ ಕುಡಿದರು, ಎಲ್ಲವನ್ನೂ ನೋಡಿ ಮೆಚ್ಚಬೇಕು. ಇದರಲ್ಲಿ ಹಿಂದಿ ಟೀಚರ್ ವಿಮಲಾ ಎಲ್ಲರಿಗಿಂತ ಮುಂದು. ಅವಳ ಫೋಟೋಗಳನ್ನು ಮೆಚ್ಚಿ ಮೆಚ್ಚಿ ನನಗೆ ಕತ್ತು ನೋವು ಬಂದಿತ್ತು. ಒಂದು ಸಲವಾದರೂ ಅವಳು ನನ್ನ ಫೋಟೋ ಮೆಚ್ಚಬೇಕು ಎಂಬ ಹಟ ಹುಟ್ಟಿತು. ಸಿರುಗುಪ್ಪ ತಾಲ್ಲೂಕಿನ ಒಂದು ಹಳೇ ವಾಡೆಯನ್ನು, ಅಂದರೆ ಗೌಡರ ಕೋಟೆಯಂಥ ಮನೆಯನ್ನು, ದುರಸ್ತಿ ಮಾಡಿ ಅತಿಥಿಗಳಿಗೆ ಬಿಡುತ್ತಿದ್ದಾರೆಂದು ಕೇಳಿದ್ದೇ ತಡ, ಎರಡು ರಾತ್ರಿಗೆ ಕೋಣೆ ಹಿಡಿದೆ.

ನಮ್ಮವರ ಒಪ್ಪಿಗೆ ಪಡೆಯುವುದು ಕಷ್ಟವಾಯಿತು. ಅವರು ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರ ಗೋದಾಮು ನೋಡಿಕೊಳ್ಳುತ್ತಾರೆ. ಅಷ್ಟೊಂದು ಪ್ಯಾಂಟು ಕಣ್ಣೆದುರೇ ಊರೂರಿಗೆ ಹೋದರೂ ತಾವು ಮಾತ್ರ ಪಂಚೆ ಉಟ್ಟು ಮನೆಯಲ್ಲೇ ಇರಬೇಕೆನ್ನುವ ಮನುಷ್ಯ. ಅವರಿಗೆ ಎರಡು ಭಯ. ಒಂದು ಚಳಿ, ಇನ್ನೊಂದು ಎತ್ತರ. ಬಲ್ಬು ಬದಲಿಸಲು ನಾನೇ ಸ್ಟೂಲು ಹತ್ತುತ್ತೇನೆ, ಅವರು ಕೆಳಗೆ ನಿಂತು ಸ್ಟೂಲು ಹಿಡಿದು ಕಣ್ಣು ಮುಚ್ಚುತ್ತಾರೆ. ಚಳಿಯ ಭಯ ಅವರೊಬ್ಬರದಲ್ಲ ಬಿಡಿ. ಬಳ್ಳಾರಿಯವರಿಗೆ ಚಳಿಯ ಅನುಭವ ಕಡಿಮೆ, ಹಾಗಾಗಿ ಅಂಜಿಕೆ ಜಾಸ್ತಿ. ಡಿಸೆಂಬರಿನಲ್ಲಿ ಫ್ಯಾನು ಒಂದು ಸುತ್ತು ನಿಧಾನ ಮಾಡಿದೆವೆಂದರೆ ಮಂಕಿಕ್ಯಾಪು ಹೊರಗೆ ಬರುತ್ತದೆ.

ನಾವು ಹೊರಟ ಶನಿವಾರವೇ ಬಂಗಾಳ ಕೊಲ್ಲಿಯಲ್ಲಿ ಎಂಥದೋ ಚಂಡಮಾರುತ ಎದ್ದು, ಬೆಳಿಗ್ಗೆಯಿಂದಲೇ ಮೋಡ. ಸಿರುಗುಪ್ಪದ ಬಸ್ಸಿನಲ್ಲಿ ನಮ್ಮವರು ಮಂಕಿಕ್ಯಾಪಿನೊಳಗಿನಿಂದ, "ಪದ್ಮಾ, ಮಳಿ ಬರೋಹಂಗದ. ಇಳಿದು ವಾಪಸ್ ಹೋಗೋಣೇನು?" ಎಂದು ಪ್ರತಿ ಸ್ಟಾಪಿನಲ್ಲೂ ಕೇಳಿದರು. ರಸ್ತೆಯುದ್ದಕ್ಕೂ ಜನ ಒಣಹಾಕಿದ್ದ ಭತ್ತದ ರಾಶಿಗಳಿಗೆ ತಾಡಪತ್ರಿ ಹೊದಿಸುತ್ತ ಓಡಾಡುತ್ತಿದ್ದರು. ನಾನು ಕಿಟಕಿಯಾಚೆ ಮುಖ ಹಾಕಿ, ಗಾಳಿ ಯಾವ ಕಡೆಯಿಂದ ಬರುತ್ತದೆ, ಕಲ್ಲು ಎಲ್ಲಿ ಇಡಬೇಕು ಎಂದು ಒಂದಿಬ್ಬರಿಗೆ ಹೇಳಿಯೂ ಹೇಳಿದೆ. ಬಸ್ಸು ಮುಂದೆ ಹೋದದ್ದರಿಂದ ಅವರು ಬಚಾವಾದರು.

ವಾಡೆ ಇರುವುದು ರಾರಾವಿ ಹತ್ತಿರದ ಒಂದು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ನನಗೆ ಬಹಳ ಒಳ್ಳೆಯ ಹೆಸರಿದೆ, ತೊಂದರೆಯೇ ಅದು. ಆಳೆತ್ತರದ ಬಾಗಿಲು, ಮೊಳದಗಲದ ಗೋಡೆ, ಕಟ್ಟಿಗೆಯ ಕಂಬಗಳ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹಾಸಿದ ಸಪಾಟು ಚಾವಣಿ. ಕಾಳು ತುಂಬುತ್ತಿದ್ದ ನೆಲದೊಳಗಿನ ಹಗೇವಿಗೆ ದಪ್ಪ ಗಾಜು ಮುಚ್ಚಿ ಒಳಗೆ ದೀಪ ಇಟ್ಟಿದ್ದರು. ನಮಗೆ ಕೊಟ್ಟ ಕೋಣೆ ಹಿಂದೆ ಎತ್ತು ಕಟ್ಟುವ ಜಾಗವಾಗಿತ್ತಂತೆ. ಎತ್ತುಗಳು ಮೇವು ತಿನ್ನುತ್ತಿದ್ದ ಗೋದಲಿಯ ಕಲ್ಲಿಗೇ ನಲ್ಲಿ ಕೂಡಿಸಿ ಮುಖ ತೊಳೆಯುವ ಜಾಗ ಮಾಡಿದ್ದರು. ನಮ್ಮವರು ಅದರ ಮುಂದೆ ಬಗ್ಗಿ ಮುಖ ತೊಳೆಯುವುದನ್ನು ನಾನು ಫೋಟೋ ತೆಗೆದೆ. ವಿಮಲಾಗೆ ತೋರಿಸುವಂತೆ ಬರಲಿಲ್ಲ.

ಇದನ್ನೆಲ್ಲ ಮಾಡಿದವಳು ಮನೆಯ ಸೊಸೆ ಶರಣಮ್ಮ. ಮೂವತ್ತೈದರ ಆಸುಪಾಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸದಾ ಓಡಾಡುವ ಹೆಂಗಸು. ಅತಿಥಿಗಳಿಗೆ ಕಟ್ಟಿಗೆ ಒಲೆಯ ಮೇಲೆ ರೊಟ್ಟಿ ಬಡಿದು ಹಾಕುವುದು ಅವಳ ಹೆಮ್ಮೆ. ಪಡಸಾಲೆಯ ಮಂಚದ ಮೇಲೆ ಅವಳ ಅತ್ತೆ, ಹಿರಿ ಗೌಡಸಾನಿ, ಕೌದಿ ಹೊದ್ದು ಕೂತಿದ್ದರು. ನಮ್ಮನ್ನು ನೋಡಿ, "ಬಂದ್ರಾ? ಬರ್ರಿ. ಇಂಥಾ ಮಳ್ಯಾಗ ಮನೀ ಬಿಟ್ಟು ಮಂದಿ ಮನಿಗೆ ಬರೋದು ಏನ್ ಹವ್ಯಾಸವೋ ಏನೋ" ಎಂದರು. ಮಂಕಿಕ್ಯಾಪಿನೊಳಗಿನಿಂದ ನಮ್ಮವರು "ನಾನೂ ಅದನ್ನ ಕೇಳಿದೆನ್ರೀ" ಎಂದರು. ಇಬ್ಬರಿಗೂ ಆ ಗಳಿಗೆಯಿಂದಲೇ ಹೊಂದಿಕೆಯಾಯಿತು.

ಚಹಾ ಕೊಡುವಾಗ ಶರಣಮ್ಮ ನನ್ನ ಹತ್ತಿರ ದನಿ ತಗ್ಗಿಸಿ ಹೇಳಿದಳು: "ನಮ್ಮ ಅತ್ತಿಯವ್ರಿಗೆ ಇದು ಸೇರಂಗಿಲ್ಲರೀ ಟೀಚರಮ್ಮ. ಸಂಕ್ರಾಂತಿ ಮಟ ನೋಡ್ತೀನಿ, ಏನರ ಹೆಚ್ಚುಕಮ್ಮಿ ಆತಂದ್ರ ಬಾಗ್ಲ ಹಾಕಸ್ತೀನಿ ಅಂದಾರ. ನಮ್ಮನಿಯೋರು ಸಿರುಗುಪ್ಪಾದಾಗ ರೈಸ್ ಮಿಲ್ ನೋಡ್ಕೋತಾರ, ಅವ್ರಿಗೆ ಅವ್ರವ್ವ ಹೇಳಿದ್ದ ಮಾತು. ನಂದು ಅಂತ ಇರೋದು ಇದೊಂದ ಕೆಲಸ ಐತ್ರಿ." ಹೇಳಿ ನಕ್ಕಳು. ಆ ನಗು ಎಷ್ಟು ಅಂಜಿದ ನಗುವಾಗಿತ್ತೆಂದರೆ, ನಾನು ಅವಳ ಕೈ ಹಿಡಿದು, "ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾವು ಇದ್ದಾಗ ಏನೂ ಆಗೂದಿಲ್ಲ" ಎಂದು ಅಭಯ ಕೊಟ್ಟೆ. ಇದನ್ನು ನೆನಪಿಡಿ.

ಅಭಯ ಕೊಟ್ಟು ಸುಮ್ಮನಾಗಲಿಲ್ಲ. "ನಾನು ಮಾಳಿಗೆ ಮನಿಯೊಳಗ ಬೆಳೆದಾಕಿ" ಎಂದು ಶುರು ಮಾಡಿದೆ. ಅದು ನಿಜ. ಕುರುಗೋಡಿನಲ್ಲಿ ನಮ್ಮ ಅಜ್ಜನದು ಇಂಥದೇ ಮಣ್ಣಿನ ಮಾಳಿಗೆ. ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಕಿಂಡಿಗೆ ಗವಾಕ್ಷಿ ಎನ್ನುತ್ತೇವೆ. ಮಳೆಯ ಮೊದಲ ಹನಿ ಬಿದ್ದರೆ ಸಾಕು, ಕೆಳಗಿನಿಂದ ಅಜ್ಜ "ಗವಾಕ್ಷಿ ಮುಚ್ಚೇ ಪದ್ದೀ" ಎಂದು ಕೂಗುತ್ತಿದ್ದರು. ನಾನು ಏಣಿ ಹತ್ತಿ ಓಡಿ, ಪಕ್ಕದಲ್ಲಿದ್ದ ಕಲ್ಲಿನ ಚಪ್ಪಡಿಯನ್ನು ಸರಿಸಿ ಮುಚ್ಚಿ, ಒದ್ದೆಯಾಗದೆ ಇಳಿದು ಬರುತ್ತಿದ್ದೆ. ಇಡೀ ಬಾಲ್ಯದಲ್ಲಿ ನಾನು ಹೊಗಳಿಸಿಕೊಂಡದ್ದು ಅದೊಂದೇ ಕೆಲಸಕ್ಕೆ. ಹಾಗಾಗಿ ಆ ಕತೆಯನ್ನು ಶರಣಮ್ಮನಿಗೆ ಹೇಳಿದೆ, ಗೌಡಸಾನಿಯವರಿಗೆ ಹೇಳಿದೆ, ನಮ್ಮವರಿಗೆ ಮತ್ತೊಮ್ಮೆ ಹೇಳಿದೆ. ಅವರು ಮಂಕಿಕ್ಯಾಪನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡರು.

ಸಂಜೆ ಹೊತ್ತಿಗೆ ಮಳೆ ಜೋರಾಯಿತು. ಶರಣಮ್ಮ ಕಟ್ಟಿಗೆ ತರಲು ಮುಂದಿನ ಅಂಗಳದ ಕೊಟ್ಟಿಗೆಗೆ ಹೋಗಿದ್ದಳು. ನಾನು ಕೋಣೆಯ ಕಿಟಕಿಯಿಂದ ನೋಡಿದೆ. ಹಿತ್ತಲ ಕಡೆ ನೆಲ ತಗ್ಗು, ಹಾಗಾಗಿ ಅಲ್ಲಿನ ಮಾಳಿಗೆಯ ನೆತ್ತಿ ನಮ್ಮ ಕಿಟಕಿಗೆ ಕಾಣುತ್ತಿತ್ತು. ಅದರ ಮೇಲೆ ಗವಾಕ್ಷಿಗಳ ಸಾಲು, ಎಲ್ಲದಕ್ಕೂ ಚಪ್ಪಡಿ ಮುಚ್ಚಿದ್ದರು. ಆದರೆ ಒಂದರ ಚಪ್ಪಡಿ ಸರಿಯಾಗಿ ಕೂತಿರಲಿಲ್ಲ. ಅಡಿಯಲ್ಲಿ ಕಲ್ಲಿನ ಚೂರುಗಳು ಸಿಕ್ಕಿಕೊಂಡು ಸಂದು ಬಿಟ್ಟಿತ್ತು. ದುರಸ್ತಿ ಮಾಡಿದ ಆಳುಗಳು ಗುಡಿಸದೆ ಬಿಟ್ಟು ಹೋಗಿದ್ದಾರೆ, ಪಾಪ ಶರಣಮ್ಮನ ಮನೆಯೊಳಗೆ ನೀರು ಬೀಳುತ್ತದೆ, ಗೌಡಸಾನಿ ಇದನ್ನೇ ನೆಪ ಮಾಡಿ ಬಾಗಿಲು ಹಾಕಿಸುತ್ತಾರೆ ಎಂದು ನನ್ನ ಮನಸ್ಸು ಒಂದೇ ಉಸಿರಿನಲ್ಲಿ ಓಡಿತು. ಅಜ್ಜ ಕೂಗಿದ ಹಾಗೇ ಆಯಿತು. ಶಾಲನ್ನು ತಲೆಗೆ ಸುತ್ತಿ, ಸೀರೆ ಎತ್ತಿ ಕಟ್ಟಿ, ಹಿತ್ತಲ ಏಣಿ ಹತ್ತಿದೆ. ನಮ್ಮವರು ಕೋಣೆಯ ಬಾಗಿಲಲ್ಲಿ ನಿಂತು, "ಪದ್ಮಾ, ಕೇಳಿ ಹತ್ತು" ಎಂದರು. ಕೇಳುವುದೇನಿದೆ? ನಾನು ಮಾಳಿಗೆ ಮನೆಯಲ್ಲಿ ಬೆಳೆದವಳಲ್ಲವೇ? ಕಲ್ಲಿನ ಚೂರುಗಳನ್ನು ತೆಗೆದೆಸೆದು, ಚಪ್ಪಡಿಯನ್ನು ತಳ್ಳಿ ಕೂಡಿಸಿ, ಅಂಚಿಗೆಲ್ಲ ಹಸಿ ಮಣ್ಣು ಮೆತ್ತಿದೆ. ಹನಿ ನೀರು ಇಳಿಯದಂತೆ. ಇಳಿದು ಬಂದಾಗ ನನಗೆ ಹತ್ತು ವರ್ಷ ವಯಸ್ಸು.

ಕೈ ತೊಳೆದು, ಕೋಣೆಯಲ್ಲಿ ತಲೆ ಒರೆಸಿಕೊಳ್ಳುತ್ತ, ಊಟದ ಹೊತ್ತಿಗೆ ಈ ಉಪಕಾರವನ್ನು ಹೇಗೆ ಸಹಜವಾಗಿ ಹೇಳುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹೊಗೆ ಬಂತು. ಮೊದಲು ಬಾಗಿಲ ಸಂದಿಯಿಂದ ಸುಮ್ಮನೆ ಬಂತು, ಆಮೇಲೆ ಪಡಸಾಲೆ ತುಂಬ ಬಂತು. ಗೌಡಸಾನಿಯವರ ಕೆಮ್ಮು ಕೇಳಿಸಿತು. ಅವರ ತವರು ಆದೋನಿ ಕಡೆ, ಸಿಟ್ಟು ಬಂದರೆ ತೆಲುಗು. "ಅಯ್ಯೋ ದೇವುಡಾ, ಏಮಿ ಪೊಗ ಇದಿ!" ಎಂದು ಕೂಗುತ್ತಿದ್ದರು. ನಾವು ಓಡಿ ಹೋದಾಗ ಅಡುಗೆಮನೆಯ ಬಾಗಿಲಲ್ಲಿ ಶರಣಮ್ಮ ಕಣ್ಣೊರೆಸುತ್ತ ನಿಂತಿದ್ದಳು. ಹಿಂದೆ ಒಲೆಯೂ ಕಾಣುತ್ತಿರಲಿಲ್ಲ, ರೊಟ್ಟಿಯೂ ಕಾಣುತ್ತಿರಲಿಲ್ಲ.

"ಹಸಿ ಕಟ್ಟಿಗಿ ತಂದು ಹಾಕೀದಿ ನೀನು" ಎಂದರು ಗೌಡಸಾನಿ.

"ಇಲ್ರೀ ಅತ್ತಿ, ಒಣಾ ಕಟ್ಟಿಗೀನ. ಗವಾಕ್ಷಿನೂ ತೆರದ ಐತಿ. ಹೊಗಿ ಹೋಗ್ಲಿ ಅಂತ ನಾನ ಚಪ್ಪಡಿ ಕೆಳಗ ಕಲ್ಲು ಕೊಟ್ಟು ಎತ್ತಿಟ್ಟೀನಿ."

ಆ ಮಾತು ಕೇಳಿದ ಕೂಡಲೇ ಕುರುಗೋಡಿನ ಮನೆ ಕಣ್ಣ ಮುಂದೆ ಬಂತು, ಈ ಸಲ ಪೂರ್ತಿಯಾಗಿ ಬಂತು. ನಾನು ಮುಚ್ಚುತ್ತಿದ್ದದ್ದು ಪಡಸಾಲೆಯ ಗವಾಕ್ಷಿ ಮಾತ್ರ. ಅಡುಗೆಮನೆಯದನ್ನು ಮುಟ್ಟಲು ನನಗೆ ಬಿಡುತ್ತಲೇ ಇರಲಿಲ್ಲ. ಸೋದರತ್ತೆ ಮಡಿಯಲ್ಲಿ ಅಡುಗೆ ಮಾಡುತ್ತಿದ್ದರು. ಮೈಲಿಗೆಯ ಹುಡುಗಿ ಅಡುಗೆಮನೆಯ ನೆತ್ತಿಯ ಮೇಲೆ ನಡೆದಾಡಿದರೂ ಮಡಿ ಕೆಡುತ್ತದೆಂದು ಅವರ ನಂಬಿಕೆ. ಆ ಕಡೆಯ ಮಾಳಿಗೆಗೆ ಒದ್ದೆ ಸೀರೆಯಲ್ಲಿ ಅವರೇ ಹತ್ತಿ, ಏನೋ ಮಾಡಿ ಇಳಿಯುತ್ತಿದ್ದರು. ಆ 'ಏನೋ' ಏನೆಂದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ನಾನು ಮಾಳಿಗೆ ಮನೆಯಲ್ಲಿ ಬೆಳೆದವಳು ಹೌದು, ಅರ್ಧ ಮಾಳಿಗೆಯ ಕೆಳಗೆ.

ಆಗಲೇ ಹೇಳಬೇಕಿತ್ತು. ಒಂದೇ ಮಾತು, "ನಾನು ಮುಚ್ಚಿದೆ" ಅಂತ. ತರಗತಿಯಲ್ಲಿ ಡಸ್ಟರು ಕಳೆದರೆ, "ಯಾರು ಅಂತ ಎದ್ದು ನಿಲ್ಲಿ, ಒಪ್ಪಿಕೊಂಡವರಿಗೆ ಶಿಕ್ಷೆ ಇಲ್ಲ" ಎಂದು ಭಾಷಣ ಬಿಗಿಯುವವಳು ನಾನು. ನನ್ನ ಬಾಯಿ ತೆರೆಯಿತು, ಬಂದದ್ದು ಕೆಮ್ಮು. ಗೌಡಸಾನಿ ಮಂಚದಿಂದ ಎದ್ದು ನಿಂತಿದ್ದರು. "ಸಾಕು ಶರಣೀ. ಗ್ಯಾಸಿನ ಮ್ಯಾಲ ಮಾಡಂದ್ರ ಕೇಳಲಿಲ್ಲ. ಪರಊರ ಮಂದಿ ಮುಂದ ಮನೀ ಮಾನ ಹೊಗ್ಯಾಗ ಹೋತು. ಸಂಕ್ರಾಂತಿ ಗಿಂಕ್ರಾಂತಿ ಬ್ಯಾಡ. ಇವ್ರ ಕೊನೀ ಮಂದಿ. ನಾಳಿಂದ ಬಾಗ್ಲ ಹಾಕು" ಎಂದರು. ಶರಣಮ್ಮನ ಕಣ್ಣಲ್ಲಿ ಹೊಗೆಗೆ ಬಂದ ಕಣ್ಣೀರು ಯಾವುದು, ಮಾತಿಗೆ ಬಂದದ್ದು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಮಧ್ಯಾಹ್ನ ಹಿಡಿದ ಕೈಯನ್ನು ಹಿಡಿಯುವ ಧೈರ್ಯವಿರಲಿಲ್ಲ, ನನ್ನ ಉಗುರಿನಲ್ಲಿ ಇನ್ನೂ ಮಾಳಿಗೆಯ ಮಣ್ಣಿತ್ತು.

ನಮ್ಮವರು ನನ್ನನ್ನೇ ನೋಡುತ್ತಿದ್ದರು. ಮುಖ ನೋಡಿದರು, ಸೀರೆಯ ಅಂಚಿನ ಕೆಸರು ನೋಡಿದರು, ಮತ್ತೆ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಆಗ ಅವರು ಮಂಕಿಕ್ಯಾಪು ತೆಗೆದರು. ಚಳಿಗಾಲದಲ್ಲಿ ಅವರು ತಾವಾಗಿ ಅದನ್ನು ತೆಗೆದದ್ದು ನಾನು ನೋಡಿಯೇ ಇರಲಿಲ್ಲ.

"ಅವ್ವಾರ, ಅಕೀದೇನೂ ತಪ್ಪಿಲ್ಲರೀ. ಮಳಿ ಒಳಗ ಬೀಳ್ತದ ಅಂತ ತಿಳ್ದು ಗವಾಕ್ಷಿ ನಾನು ಮುಚ್ಚೀನಿ" ಎಂದರು.

ಎಲ್ಲರೂ ಅವರ ಕಡೆ ತಿರುಗಿದರು. ಈಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ ಕೂಡ. ಏನು ಹೇಳಿದೆ ಎಂದು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. "ಕೇಳಿ ಹತ್ರಿ ಅಂತ ನಾ ಬಡಕೊಂಡೆ" ಎಂದೆ.

ನಮ್ಮವರು ತಲೆ ಅಲ್ಲಾಡಿಸಿದರು. "ಹೌದು, ಅಂದಿದ್ಲು" ಎಂದರು.

ಗೌಡಸಾನಿ ಅವರನ್ನು ಮನಸಾರೆ ಬೈದರು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಶರಣಮ್ಮನ ಮುಖಕ್ಕೆ ಮಾತ್ರ ಜೀವ ಬಂತು. "ನೋಡ್ರೀ ಅತ್ತಿ, ನನ್ನ ಒಲಿದಲ್ಲ ತಪ್ಪು, ನನ್ನ ಕಟ್ಟಿಗಿದಲ್ಲ" ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. "ಮುಚ್ಚಿದವ್ರ ಹೋಗಿ ತೆಗೀಲಿ" ಎಂದು ಗೌಡಸಾನಿ ತೀರ್ಪು ಕೊಟ್ಟರು. ಸ್ಟೂಲಿನ ಕೆಳಗೆ ನಿಂತು ಕಣ್ಣು ಮುಚ್ಚುವ ಮನುಷ್ಯ ಸುರಿವ ಮಳೆಯಲ್ಲಿ ಏಣಿಗೆ ಕೈ ಹಾಕಿದರು. ನಾನು ಕೆಳಗೆ ಏಣಿ ಹಿಡಿದೆ. ಒಂದೊಂದು ಮೆಟ್ಟಿಲಿಗೂ ರಾಯರ ಹೆಸರು ಹೇಳುತ್ತ, ನಡುಗುತ್ತ ಹತ್ತಿ, ಮಾಳಿಗೆಯ ಮೇಲೆ ನಾಲ್ಕು ಕಾಲಿನಲ್ಲಿ ಮುಂದೆ ಹೋದರು. ಆಮೇಲೆ ಮೇಲಿನಿಂದ ಅವರ ದನಿ ಕೇಳಿಸಿತು: "ಪದ್ಮಾ, ಎಲ್ಲಾ ಒಂದ ಥರಾ ಕಾಣಸ್ತಾವಲ್ಲ. ನಾ ಮುಚ್ಚಿದ್ದು ಯಾವುದು?"

ಗೌಡಸಾನಿ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು. ನಾನು ಅವರ ಕಡೆ ನೋಡದೆ ಏಣಿ ಹತ್ತಿದೆ. ನಡುಗುತ್ತಿದ್ದ ಗಂಡನನ್ನು ದಾಟಿ, ಒಂದೂ ಹೆಜ್ಜೆ ಅತ್ತಿತ್ತ ಹಾಕದೆ, ನೇರವಾಗಿ ಆ ಗವಾಕ್ಷಿಗೇ ಹೋಗಿ ಮಣ್ಣು ಕಿತ್ತು ಚಪ್ಪಡಿ ಎಳೆದೆ. ಒಳಗಿದ್ದ ಹೊಗೆಯೆಲ್ಲ ನನ್ನ ಮುಖಕ್ಕೇ ಬಂತು, ಶಾಲಿಗೆ ಬಂತು. ಕೆಳಗೆ ಶರಣಮ್ಮ ಚಪ್ಪಾಳೆ ತಟ್ಟಿದಳು. "ಟೀಚರಮ್ಮ ನಮ್ಮನೀ ಉಳಿಸಿದ್ರು ನೋಡ್ರೀ ಅತ್ತಿ! ಮಾಳಿಗಿ ಮನ್ಯಾಗ ಬೆಳೆದೋರು ಅಂದ್ರ ಹಿಂಗಿರ್ಬೇಕು!"

ನಾನು ಕೊನೆಯ ಮೆಟ್ಟಿಲು ಇಳಿದಾಗ ಗೌಡಸಾನಿ ನನಗಷ್ಟೇ ಕೇಳುವಂತೆ, "ಎಷ್ಟ ಸೀದಾ ಹೋದ್ಯವ್ವಾ ನೀನು" ಎಂದರು. ಆಮೇಲೆ ಏಣಿ ತಬ್ಬಿಕೊಂಡು ಇಳಿಯುತ್ತಿದ್ದ ನಮ್ಮವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸೊಸೆಗೆ ಹೇಳಿದರು: "ಇಂಥಾ ಮನುಷ್ಯಾರು ಬರೋದಾದ್ರ ಬರ್ಲಿ ಬಿಡು. ಬಾಗ್ಲ ತೆರದಿರ್ಲಿ." ಶರಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಈ ಸಲ ಹೊಗೆ ಇರಲಿಲ್ಲ.

ಊಟಕ್ಕೆ ಕೂತಾಗ ನನ್ನ ರೊಟ್ಟಿಗೆ ಶರಣಮ್ಮ ಬೆಣ್ಣೆಯ ಮೇಲೆ ಬೆಣ್ಣೆ ಹಾಕಿದಳು. ನಮ್ಮವರಿಗೆ ನಗುತ್ತ, "ಸಾಹೇಬ್ರ, ಇನ್ನ ಏಣಿ ಕಡೆ ಹೋಗಬ್ಯಾಡ್ರಿ" ಎಂದಳು. ಅವರೂ ನಕ್ಕರು. ತಲೆ ಎತ್ತದೆ ತಟ್ಟೆ ನೋಡುತ್ತ ಕೂತವಳು ನಾನೊಬ್ಬಳೇ. ಆದರೂ ಎಲ್ಲವನ್ನೂ ತಿಂದೆ. ನನ್ನ ನಾಚಿಕೆ ಹಸಿವನ್ನು ಕೆಡಿಸುವಷ್ಟು ಒಳ್ಳೆಯ ಮನೆತನದ್ದಲ್ಲ. ಭಾನುವಾರವೆಲ್ಲ ಮಳೆ ಬಿಡಲಿಲ್ಲ. ನಮ್ಮವರು ಗೌಡಸಾನಿಯವರ ಮಂಚದ ಪಕ್ಕ ಕೂತು ಶೇಂಗಾ ಸುಲಿಯುತ್ತ ಹರಟೆ ಹೊಡೆದರು. ನಾನು ಕೋಣೆಯಲ್ಲಿ ಗೋದಲಿ ನೋಡುತ್ತ ಕೂತೆ. ಎರಡು ದಿನದಲ್ಲಿ ಅದೊಂದು ದಿನ ನಾನು ಯಾರಿಗೂ ಏನೂ ಕಲಿಸಲಿಲ್ಲ. ಸೋಮವಾರ ಬೆಳಿಗ್ಗೆ ಹೊರಡುವಾಗ ಗೌಡಸಾನಿ ಶೇಂಗಾ ಹೋಳಿಗೆಯ ಗಂಟನ್ನು ನಮ್ಮವರ ಕೈಗೇ ಕೊಟ್ಟು, "ಇದು ನಿನಗಪಾ" ಎಂದರು. ಬಸ್ಸಿನಲ್ಲಿ ಅವರು ಗಂಟು ಬಿಚ್ಚಿ ನನ್ನ ಮುಂದೆ ಹಿಡಿದರು. "ಯಾಕ ಹಂಗ ಹೇಳಿದ್ರಿ?" ಎಂದು ಕೇಳಿದೆ. "ನೀ ಹೇಳೋತನಕ ಕಾಯೋಣ ಅಂದ್ರ ಆ ಹುಡುಗಿ ಅಳ್ಳಿಕ್ಹತ್ತಿದ್ಲು" ಎಂದರು, ಅಷ್ಟೇ.

ಫಾಲ್ಗುಣದಲ್ಲಿ ವಿಮಲಾ ಅದೇ ವಾಡೆಗೆ ಹೋಗಿ ಬಂದಳು. ಸೋಮವಾರ ಸ್ಟಾಫ್‌ರೂಮಿಗೆ ಬಂದವಳೇ ಎಲ್ಲರೆದುರು ನನ್ನ ಕೈ ಕುಲುಕಿದಳು. ಬಂದ ಅತಿಥಿಗಳಿಗೆಲ್ಲ ಶರಣಮ್ಮ ನನ್ನ ಕತೆ ಹೇಳುತ್ತಾಳಂತೆ, ಹಿತ್ತಲಿಗೆ ಕರೆದೊಯ್ದು ಆ ಗವಾಕ್ಷಿಯನ್ನೂ ತೋರಿಸುತ್ತಾಳಂತೆ. ಗಂಡ ಮಾಡಿದ ಅವಾಂತರವನ್ನು ಜಡಿಮಳೆಯಲ್ಲಿ ಹತ್ತಿ ಸರಿಮಾಡಿದ ಬಳ್ಳಾರಿಯ ಟೀಚರು ನಾನು. ಎಷ್ಟೋ ವರ್ಷಗಳ ನನ್ನ ಆಸೆ ಕೈಗೂಡಿತ್ತು, ವಿಮಲಾ ನನ್ನನ್ನು ಮೆಚ್ಚುತ್ತಿದ್ದಳು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ.

ಯುಗಾದಿಗೆ ಬನ್ನಿ ಎಂದು ಶರಣಮ್ಮ ಕರೆದಳು. "ನೀನೊಬ್ಬಾಕಿ ಹೋಗು. ನನ್ನ ನೋಡಿದ್ರ ಏಣಿ ಬಚ್ಚಿಡ್ತಾರ" ಎಂದರು ನಮ್ಮವರು, ನಗುತ್ತಲೇ. ಆ ನಗು ನೋಡಿ ಇನ್ನು ತಡೆಯಲಾಗಲಿಲ್ಲ. ಈ ಬರಹವನ್ನು ಇಲ್ಲಿಯವರೆಗೆ ಬರೆದು, ನಿಮಗೆಲ್ಲ ಹೇಳಿದ ಮೇಲೆ ಅವಳೊಬ್ಬಳಿಗೆ ಹೇಳುವುದೇನು ಮಹಾ ಎಂದುಕೊಂಡು, ನಿನ್ನೆ ಫೋನು ಮಾಡಿದೆ. ಎದುರಿಗೆ ನಮ್ಮವರು ಬರಿಮೈಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

"ಅಯ್ಯ, ಟೀಚರಮ್ಮ! ಈಗರ ಹೈದ್ರಾಬಾದಿನ ಮಂದಿಗೆ ನಿಮ್ಮ ಕಥಿ ಹೇಳಾಕ್ಹತ್ತಿದ್ದೆ. ಏನ್ ವಿಷಯಾರೀ?" ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. ನಮ್ಮವರು ಬೀಸಣಿಗೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಏನಿಲ್ಲ ಶರಣಮ್ಮ," ಎಂದೆ, "ನಿಮ್ಮ ಕಡೆ ಮಳಿ ಹ್ಯಾಂಗದ?"

ಬಳ್ಳಾರಿಯಲ್ಲಿ ಆಗ ಏಪ್ರಿಲ್ ತಿಂಗಳ ಮಧ್ಯಾಹ್ನ.